ಪಿಕಪ್ಪಿನಲ್ಲಿ ಹಿಂದೆ ಕೂರುವವರು

ಮೂರು ಕಂಪನಿಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಮನೆಯಲ್ಲಿ ಮತ್ತೆ ಜಗಳ ಹತ್ತುತ್ತದೆ. ಆ ಜಗಳ ತಣ್ಣಗಾಗಿ ಮನೆಯ ಗಂಡಸರು ಈಗಷ್ಟೇ ಒಂದೇ ಸಾಲಿನಲ್ಲಿ ಕೂತು ಊಟ ಮಾಡುವಂತಾಗಿದೆ, ಅದನ್ನು ಕೆಡಿಸುವ ಪಾಪ ನನಗೆ ಬೇಡ. ಆಗ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅಡ್ಡಹೆಸರುಗಳನ್ನೇ ಇಲ್ಲಿಯೂ ಬಳಸುತ್ತೇನೆ: ಗೂಳಿ, ಮದುಮಗ, ಮುದುಕ. ಮೂರೂ ಪಿಕಪ್ ಗಾಡಿಗಳು. ಗೂಳಿ ಎಷ್ಟು ಹೇರಿದರೂ ಎಳೆಯುವಂಥದ್ದು. ಮದುಮಗನಿಗೆ ಒಳಗೆ ಏಸಿ, ಮೆತ್ತನೆಯ ಸೀಟು, ಹಾಡು ಕೇಳುವ ಸೌಕರ್ಯ. ಮುದುಕ ನೋಡುವುದಕ್ಕೆ ಹಳೆಯ ಕಾಲದ್ದು, ಆದರೆ ದಾರಿಯಲ್ಲಿ ಕೈಕೊಡುವುದಿಲ್ಲ ಎಂದು ಹೆಸರು ಪಡೆದದ್ದು.

ನಮ್ಮದು ಖಾನಾಪುರದ ಕುಂಬಾರ ಮನೆ. ವರ್ಷದ ಹೆಚ್ಚಿನ ಕಾಲ ಹಂಚು, ಕುಂಡ, ಹಣತೆ ಮಾಡುತ್ತೇವೆ. ಮಳೆ ಹಿಡಿದ ಮೇಲೆ ಗಣಪತಿ. ನಾನು ಬೆಳಗಾವಿಯಲ್ಲಿ ಕಾಲೇಜು ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಮಣ್ಣು ಮುಟ್ಟುವುದಿಲ್ಲ ಎಂದು ನಿರ್ಧರಿಸಿದ್ದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಅತ್ತೆ ಒಂದು ಮುದ್ದೆ ಮಣ್ಣು ಕೈಗಿಟ್ಟು, "ಕಿವಿ ಮಾಡ ನೋಡೂಣು" ಎಂದರು. ಆ ಕಿವಿಯಿಂದ ಶುರುವಾದದ್ದು ಇನ್ನೂ ಬಿಟ್ಟಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಣಪತಿ ಬೇಕಾದವರು ತಮ್ಮ ಮನೆಯ ಮರದ ಮಣೆಯನ್ನು ತಂದು ಕುಂಬಾರರಿಗೆ ಒಪ್ಪಿಸುತ್ತಾರೆ. ಆ ಮಣೆಯ ಮೇಲೆಯೇ ನಾವು ಮೂರ್ತಿ ಮಾಡುತ್ತೇವೆ, ಮಣೆಯ ಸಮೇತ ಅದು ಅವರ ಮನೆಗೆ ಹೋಗುತ್ತದೆ. ವಿಸರ್ಜನೆ ಮುಗಿದ ಮೇಲೆ ಬರಿದಾದ ಮಣೆ ಮರುವರ್ಷಕ್ಕೆಂದು ಮತ್ತೆ ನಮ್ಮಲ್ಲಿಗೇ ಬರುತ್ತದೆ. ಬರಲಿಲ್ಲವೆಂದರೆ ಆ ಮನೆಯವರು ನಮ್ಮ ಕೈಬಿಟ್ಟರು ಎಂದು ತಿಳಿಯಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಗದ ಬರೆಯುವುದಿಲ್ಲ, ಮಣೆ ಬರುವುದಿಲ್ಲ, ಅಷ್ಟೇ.

ನಾನು ಹೇಳುತ್ತಿರುವ ವರ್ಷ ಅತ್ತೆಯ ಕೈ ನಡುಗತೊಡಗಿತ್ತು. ಸೊಂಡಿಲು ತಿರುಗಿಸುವಾಗ ಬೆರಳು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಮಣೆಗಳನ್ನೆಲ್ಲ ನನ್ನ ಕಡೆಗೆ ಸರಿಸಿ, "ಇನ್ನ ಇವು ನಿನ್ನೂ" ಎಂದು ಎದ್ದು ಒಳಗೆ ಹೋದರು. ಮಣೆ ಕೊಟ್ಟ ಮನೆಗಳಿಗೆಲ್ಲ ಸುದ್ದಿ ಹೋಯಿತು. ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತೀ ಕೈ ಬ್ಯಾರೆ ಇತ್ತು ಬಿಡ್ರಿ" ಎಂದು ಮೂರ್ತಿ ನೋಡುವ ಮೊದಲೇ ತೀರ್ಪು ಕೊಟ್ಟು ಹೋಗುತ್ತಿದ್ದರು. ಆ ವರ್ಷದ ಗಣಪತಿಗಳು ಸರಿಯಾಗಿ ಹೋಗಿ ಕೂರದಿದ್ದರೆ ಮರುವರ್ಷ ಮಣೆಗಳು ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಎಲ್ಲಕ್ಕಿಂತ ಹಳೆಯ ಮಣೆ ಬೆಳಗಾವಿಯ ಹಿಂದವಾಡಿಯ ಒಬ್ಬ ಅಜ್ಜಿಯದು. ಹಲಸಿನ ಮರದ್ದು, ಅಂಚುಗಳು ಸವೆದು ಸಾಬೂನಿನಂತೆ ನುಣುಪಾಗಿದ್ದವು. ಅತ್ತೆಯ ಅತ್ತೆಯ ಕಾಲದಿಂದಲೂ ಅದು ನಮ್ಮ ಮನೆಗೆ ಬರುತ್ತಿತ್ತು.

ಮೊದಲು ಬೆಳಗಾವಿಯವರು ಹಬ್ಬದ ಮುಂಚೆ ತಾವೇ ರೈಲಿನಲ್ಲಿ ಬಂದು, ಗಣಪತಿಯ ಮುಖಕ್ಕೆ ವಸ್ತ್ರ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರಂತೆ. ಈಗ ಅವರಿಗೆಲ್ಲ ಕಾರಿದೆ, ಆದ್ದರಿಂದ ಬರುವುದಕ್ಕೆ ಆಗುವುದಿಲ್ಲ. ಹಿಂದವಾಡಿಯ ಅಜ್ಜಿಯ ಸೊಸೆ ಫೋನಿನಲ್ಲಿ, "ಡಿಲಿವರಿ ಇಲ್ಲೇನ್ರಿ ನಿಮ್ದು?" ಎಂದು ಕೇಳಿದಳು. ಎಲ್ಲ ಮನೆಯವರೂ ಅದನ್ನೇ ಕೇಳತೊಡಗಿದಾಗ, ಬಾಡಿಗೆಯ ಟೆಂಪೋ ಸಾಲದು, ಸ್ವಂತ ಪಿಕಪ್ ತರೋಣ ಎಂದು ಮನೆಯಲ್ಲಿ ಮಾತಾಯಿತು. ಗಂಡಸರ ಮುಖದ ಮೇಲೆ ಆ ದಿನ ಮೂಡಿದ ಕಳೆಯನ್ನು ನಾನು ನಮ್ಮ ಮದುವೆಯಲ್ಲಿಯೂ ನೋಡಿರಲಿಲ್ಲ.

ಹೋಲಿಕೆಯ ಹಬ್ಬ ಶುರುವಾಯಿತು. ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ ಸಭೆ. ಸಭಿಕರು ನಾಲ್ವರು, ಅವರನ್ನು ಮೊದಲು ಪರಿಚಯಿಸಿಬಿಡುತ್ತೇನೆ.

ಮೊದಲನೆಯವರು ನನ್ನ ಗಂಡನ ಸೋದರಮಾವ, ನಂದಗಡದವರು. ಮೈಯಲ್ಲಿ ಧಾರಾಳ, ಮಾತಿನಲ್ಲಿ ಅದಕ್ಕಿಂತ ಧಾರಾಳ. ಇವರದು ಗೂಳಿಯ ಪಕ್ಷ. ನಂದಗಡದ ಸಂತೆಯ ದಿನ ನಿಂತ ಗಾಡಿಗಳ ಟೈರುಗಳನ್ನೆಲ್ಲ ಕಾಲಿನಿಂದ ಒದ್ದು ನೋಡಿ ಬಂದು ವರದಿ ಕೊಡುತ್ತಿದ್ದರು. "ಹೇರಿದ್ದ ಎಳೀಬೇಕು. ಎಳೀಲಿಲ್ಲಂದ್ರ ಅದನ್ನ ಗಾಡಿ ಅಂತ ಯಾಂವ ಅಂತಾನ?" ಎಂಬುದು ಅವರ ಸಿದ್ಧಾಂತ. ಅವರು ಸ್ವತಃ ಏನನ್ನಾದರೂ ಎಳೆದದ್ದನ್ನು ನಾನು ನೋಡಿಲ್ಲ. ಕುರ್ಚಿಯನ್ನು ಕೂಡ ಯಾರಾದರೂ ಎಳೆದು ಕೊಡಬೇಕು.

ಎರಡನೆಯವರು ನಾದಿನಿಯ ಗಂಡ. ಹಿಂದವಾಡಿಯಲ್ಲೇ ಮನೆ, ಆಫೀಸಿನ ಕೆಲಸ. ನಾನು ಅಣ್ಣಾರ ಎಂದು ಕರೆಯುತ್ತೇನೆ. ಇವರದು ಮದುಮಗನ ಪಕ್ಷ. ಮೊಬೈಲಿನಲ್ಲಿ ಎಲ್ಲಿಯದೋ ಮರುಭೂಮಿಯಲ್ಲಿ ಯಾರೋ ಗಾಡಿ ಹಾರಿಸುವ ವಿಡಿಯೋ ನೋಡಿ, ಅದನ್ನು ನಮ್ಮ ಖಾನಾಪುರದ ಕೆಸರಿಗೆ ಹೊಂದಿಸುವುದರಲ್ಲಿ ನಿಸ್ಸೀಮರು. ಸಸ್ಪೆನ್ಶನ್ ಎಂಬ ಮಾತನ್ನು ಅವರು ದೇವರ ನಾಮದ ಹಾಗೆ ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು. ತಾವಾಗಿ ಓಡಿಸುತ್ತಿದ್ದದ್ದು ಸ್ಕೂಟರು.

ಮೂರನೆಯವನು ನನ್ನ ಮೈದುನ. ಗಾಡಿ ಓಡಿಸಬೇಕಾದವನು ಅವನೇ, ಆದ್ದರಿಂದ ಸಭೆಯಲ್ಲಿ ಅವನ ಮಾತಿಗೆ ಬೆಲೆ ಕಡಿಮೆ. ಅವನದು ಮುದುಕನ ಪಕ್ಷ. ಗೋವಾ ರಸ್ತೆಯ ಚಹಾದಂಗಡಿಯಲ್ಲಿ ಕೂತು ಬಂದ ಡ್ರೈವರುಗಳನ್ನೆಲ್ಲ ಕೇಳಿದ್ದನಂತೆ. ಪ್ರತಿಯೊಬ್ಬ ಡ್ರೈವರನೂ ತನ್ನ ಗಾಡಿಯನ್ನು ತಾಯಿ ಬಿಟ್ಟು ಉಳಿದೆಲ್ಲ ಬೈದು, ಕೊನೆಗೆ ಮೈದುನನಿಗೂ ಅದೇ ಗಾಡಿಯನ್ನು ಕೊಳ್ಳು ಎಂದು ಹೇಳಿ ಹೋದನಂತೆ. ಬೈಗುಳ ಕಡಿಮೆ ಬಿದ್ದದ್ದು ಮುದುಕನಿಗೆ.

ನಾಲ್ಕನೆಯವರು ನನ್ನ ಗಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಮಾವ ಮಾತು ಮುಗಿಸಿದಾಗ ಗೂಳಿ, ಅಣ್ಣಾರ ಮುಗಿಸಿದಾಗ ಮದುಮಗ, ತಮ್ಮ ಮುಗಿಸಿದಾಗ ಮುದುಕ. ಯಾರೂ ಮಾತಾಡದಿದ್ದಾಗ ಚಹಾ ಕೇಳುತ್ತಿದ್ದರು.

ಈ ಸಭೆಗೆ ಚಹಾ ಮಾಡಿಕೊಟ್ಟು ಕೊಟ್ಟು ನನಗೆ ಬೇಸರ ಬಂದಿತ್ತು. ಒಳಗೆ ಮಾಡದಲ್ಲಿ, ಗೋಡೆಯ ಗೂಡುಗಳಲ್ಲಿ, ಗಣಪತಿಗಳು ನೆರಳಿಗೆ ಒಣಗುತ್ತಿದ್ದವು, ಹೊರಗೆ ಇವರು ಮೈಲೇಜು ಒಣಗಿಸುತ್ತಿದ್ದರು. ಒಂದು ದಿನ ಮಾವ, "ಕಂಪನಿ ಒಂದೂವರೆ ಟನ್ ಅಂತದ. ಅದು ಕಂಪನಿ ಮಾತು. ಗೂಳಿ ಮ್ಯಾಲ ಎರಡಕ್ಕೆ ಅಂಜೂ ಮಾತಿಲ್ಲ" ಎಂದರು. ಅಣ್ಣಾರ, "ಮಾವಾರ, ಕಂಫರ್ಟ್ ಅಂತ ಒಂದ ಇರತೈತಿ" ಎಂದರು. ನಾನು ಚಹಾದ ಕಪ್ಪು-ಬಸಿಗಳನ್ನು ಎತ್ತುತ್ತ, "ಕಂಫರ್ಟ್ ಯಾರಿಗಿ ಅಣ್ಣಾರ?" ಎಂದು ಕೇಳಿದೆ.

"ಕುಂತವ್ರಿಗಿ."

"ಎಲ್ಲಿ ಕುಂತವ್ರಿಗಿ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗಾಡಿ ಬೇಕಾದದ್ದು ಗಣಪತಿ ಸಾಗಿಸಲು, ಗಣಪತಿ ಕೂರುವುದು ಹಿಂದೆ. ಅಲ್ಲಿ ಯಾರೂ ಕೂತು ನೋಡಿರಲಿಲ್ಲ. ಅಷ್ಟು ಭಾನುವಾರಗಳಲ್ಲಿ ಆ ಮಾತೇ ಯಾರ ಬಾಯಲ್ಲೂ ಬಂದಿರಲಿಲ್ಲ. ಗಾಡಿ ನೋಡಲು ಬೆಳಗಾವಿಗೆ ಹೋಗುವ ದಿನ ನಾನೂ ಬರುತ್ತೇನೆ ಎಂದು ಹಟ ಹಿಡಿದೆ.

ಬಣ್ಣ ಹಚ್ಚದ, ಕಣ್ಣು ಬರೆಯದ ಸಣ್ಣ ಮೂರ್ತಿಗಳು ಕೆಲವು ಮಾಡದಲ್ಲಿ ಹೆಚ್ಚಿಗೆ ಇರುತ್ತವೆ. ಕಣ್ಣು ಬರೆಯುವ ತನಕ ಅದು ಬರೀ ಮಣ್ಣು ಎಂಬುದು ಅತ್ತೆಯ ಲೆಕ್ಕ. ಅವುಗಳಲ್ಲಿ ಒಂದೇ ಅಳತೆಯವನ್ನು ಆರಿಸಿ, ಬುಟ್ಟಿಯಲ್ಲಿ ಹುಲ್ಲಿನ ನಡುವೆ ಇಟ್ಟುಕೊಂಡು ಹೊರಟೆ. ಅವನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬೆಳಗಾವಿ ಮುಟ್ಟಿದೆ. ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬಂದಿರಲಿಲ್ಲ.

ಮೊದಲ ಶೋರೂಮಿನಲ್ಲಿ ಗೂಳಿ. ಓಡಿಸಿ ನೋಡಿ ಎಂದು ಗಾಡಿ ಹೊರಗೆ ತಂದ ಕೂಡಲೇ ಗಂಡಸರು ಮುಂದಿನ ಸೀಟಿಗೆ ನುಗ್ಗಿದರು. ನಾನು ಸೀರೆ ಎತ್ತಿಕಟ್ಟಿ ಹಿಂದಕ್ಕೆ ಹತ್ತಿದೆ. ಶೋರೂಮಿನ ಹುಡುಗ ಗಾಬರಿಯಾಗಿ, "ಮ್ಯಾಡಂ, ಹಿಂದ ಮಂದಿ ಕುಂದ್ರಂಗಿಲ್ರಿ, ಅದು ಲೋಡ್ ಸಲುವಾಗಿ ಐತಿ" ಎಂದ.

"ನಾ ಲೋಡ್ ಸಲುವಾಗೇ ಬಂದೀನ್ರಿ, ನೀವು ಬಿಡ್ರಿ" ಎಂದೆ.

ಗೂಳಿ ರೈಲ್ವೆ ಗೇಟು ದಾಟುವ ಹೊತ್ತಿಗೆ ಬುಟ್ಟಿಯಲ್ಲಿದ್ದ ಮೂರ್ತಿಯ ಸೊಂಡಿಲು ನನ್ನ ಮಡಿಲಿಗೆ ಬಿತ್ತು. ಮುದುಕನಲ್ಲಿ ಒಂದು ಕಿವಿ ಹೋಯಿತು. ಮುದುಕ ಎಲ್ಲಿಯೂ ನಿಲ್ಲಲಿಲ್ಲ ನಿಜ, ಆದರೆ ಕಿವಿಯೂ ನಿಲ್ಲಲಿಲ್ಲ. ಮದುಮಗನಲ್ಲಿ ಅದೇ ರಸ್ತೆ, ಅದೇ ಗೇಟು, ಅದೇ ಹಂಪುಗಳು. ಮೂರ್ತಿ ಇದ್ದ ಹಾಗೇ ಇತ್ತು. ನಾನು ಇಳಿದು ಬುಟ್ಟಿ ತೋರಿಸಿ, "ಇದ ನೋಡ್ರಿ, ಇದನ್ನ ತಗೋರಿ" ಎಂದೆ. ಬುಟ್ಟಿಯನ್ನು ಯಾರೂ ಸರಿಯಾಗಿ ನೋಡಲಿಲ್ಲ. ಏಸಿಯ ತಂಪಿನಲ್ಲಿ ಮಾವನ ಮನಸ್ಸು ಅಷ್ಟರಲ್ಲಿ ಕರಗಿತ್ತು. ಅಣ್ಣಾರ, "ನಾ ಮೊದಲ ಹೇಳಿದ್ನಿಲ್ಲ?" ಎಂದು ಎಲ್ಲರ ಕೈ ಕುಲುಕುತ್ತಿದ್ದರು. ಹಾಗೆ ನಮ್ಮ ಮನೆಗೆ ಮದುಮಗ ಗೊತ್ತಾದ.

ಹಿಂದಿನ ಬಾಗಿಲ ಮೇಲೆ ಏನು ಬರೆಸುವುದು ಎಂಬ ಮಾತು ಬಂದಾಗ ಮತ್ತೊಂದು ಸಭೆ. ಏನು ಎನ್ನುವುದಕ್ಕಿಂತ ಯಾವ ಭಾಷೆಯಲ್ಲಿ ಎನ್ನುವುದು ದೊಡ್ಡದಾಯಿತು. ನಮ್ಮ ಅತ್ತೆ ದೇವರೊಂದಿಗೆ ಮರಾಠಿಯಲ್ಲೂ ನಮ್ಮೊಂದಿಗೆ ಕನ್ನಡದಲ್ಲೂ ಮಾತಾಡುತ್ತಾರೆ, ದೇವರಿಗಾಗಲಿ ನಮಗಾಗಲಿ ಇದುವರೆಗೆ ತೊಂದರೆಯಾಗಿಲ್ಲ. ಗಾಡಿಯ ಬಾಗಿಲಿಗೆ ಮಾತ್ರ ತೊಂದರೆಯಾಯಿತು. ಗಾಡಿ ಬಂದ ಮೇಲೂ ಅದು ಮುಗಿಯದೆ, ಕಡೆಗೆ ಬಣ್ಣದವನೇ ಬೇಸತ್ತು ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ ಬರೆದು ಹೋದ. ಅದನ್ನು ಎರಡೂ ಭಾಷೆಯವರು ಓದಬಹುದು.

ಗಾಡಿ ತರುವ ದಿನ ನಾನು ಹೋಗಲಿಲ್ಲ, ಕಣ್ಣು ಬರೆಯುವ ಕೆಲಸ ಇತ್ತು. ನಾಲ್ವರೂ ಬೆಳಿಗ್ಗೆಯೇ ಹೋದವರು ಸಂಜೆಗೆ ಬಂದರು. ಮದುಮಗ ಹೂವಿನ ಹಾರ ಹಾಕಿಕೊಂಡು, ಕುಂಡಿ ಎತ್ತಿಕೊಂಡು ಅಂಗಳದಲ್ಲಿ ನಿಂತ. ಶೋರೂಮಿನಲ್ಲಿ ನೋಡಿದಾಗ ಹಿಂಭಾಗ ಇಷ್ಟು ಎತ್ತರವಿತ್ತೇ ಎಂದು ಒಂದು ಕ್ಷಣ ಅನ್ನಿಸಿತು. ಆರತಿ ತಟ್ಟೆ ಕೈಯಲ್ಲಿತ್ತು, ಚಕ್ರಕ್ಕೆ ನಿಂಬೆಹಣ್ಣು ಇಡುವ ಗಡಿಬಿಡಿ, ಅದು ಮರೆತೇಹೋಯಿತು.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಹಿಂದವಾಡಿಯ ಕೆಲವು ಮನೆಯವರು ಗಣಪತಿ ಬೇಗ ಬೇಕೆಂದರು. ಅಜ್ಜಿಯ ಮನೆಯೂ ಅದರಲ್ಲಿತ್ತು. ಹುಲ್ಲು ಹಾಸಿ, ಮೂರ್ತಿಗಳ ನಡುವೆ ಹಳೆಯ ಕೌದಿ ತುರುಕಿ, ಮೇಲೆ ತಾಡಪತ್ರಿ ಕಟ್ಟಿ ಕಳಿಸಿದೆ. ಮೈದುನ ಓಡಿಸಿದ, ಗಂಡ ಬಾಜೂ ಕೂತರು. ಏಸಿ ಹಚ್ಚಿಕೊಂಡು ಹೋದರು.

ಮಧ್ಯಾಹ್ನ ತಿರುಗಿ ಬಂದಾಗ ಇಬ್ಬರೂ ಗಾಡಿಯಿಂದ ಇಳಿಯಲು ತಡಮಾಡಿದರು. ತಾಡಪತ್ರಿಯ ಕೆಳಗೆ ಕೈಗಳು, ಕಿವಿಗಳು, ಒಂದು ಇಲಿ. ಬೇರೆ ಮನೆಯವರು ಮಣೆ ತಿರುಗಿ ಕೊಟ್ಟು, ಇನ್ನೊಂದು ಮಾಡಿ ತನ್ನಿ ಎಂದಿದ್ದರಂತೆ. ಅಜ್ಜಿಯ ಗಣಪತಿಯ ಸೊಂಡಿಲು ಅವರ ಹೊಸ್ತಿಲಲ್ಲಿ, ಅವರ ಕಣ್ಣೆದುರಿಗೇ ಕಳಚಿ ಬಿತ್ತಂತೆ. ಮುಕ್ಕಾದ ಮೂರ್ತಿಯನ್ನು ಯಾರೂ ಪೂಜೆಗೆ ಇಡುವುದಿಲ್ಲ. ಅಜ್ಜಿ ಬೈಯಲಿಲ್ಲವಂತೆ. ಮೂರ್ತಿಯನ್ನು ಮಣೆಯಿಂದ ಬಿಡಿಸಿ ಇವರ ಕೈಗೆ ಕೊಟ್ಟು, ಮಣೆಯನ್ನು ತೊಳೆದು, ಸೆರಗಿನಿಂದ ಒರೆಸಿ ಒಳಗೆ ತೆಗೆದುಕೊಂಡು ಹೋದರಂತೆ.

ಅತ್ತೆ ಒಡೆದ ತುಂಡುಗಳನ್ನು ಒಂದೊಂದಾಗಿ ಮಣ್ಣು ನೆನೆಹಾಕುವ ಕುಣಿಗೆ ಇಳಿಬಿಟ್ಟರು. "ಮಣ್ಣು ಮಣ್ಣಿಗಿ ಹೋತು, ಅದಕ್ಕೇನಿಲ್ಲ" ಎಂದರು. ಆಮೇಲೆ ಗಾಡಿಯ ಒಳಗೆ ಇಣುಕಿ ನೋಡಿ, "ಅಜ್ಜೀ ಮಣಿ ಎಲ್ಲೈತಿ?" ಎಂದು ಕೇಳಿದರು. ನನ್ನ ಗಂಡ ನೆಲ ನೋಡಿದರು. ನನಗೆ ಅಳು ಬಂತು, ಅಳುವುದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಸಿಟ್ಟಿಗೆ ತುಪ್ಪ ಸುರಿಯಲು ಸಂಜೆ ಸಭೆ ಸೇರಿತು. ನಂದಗಡದಿಂದ ಮಾವ ಬಂದರು, ಆಫೀಸು ಬಿಟ್ಟು ಅಣ್ಣಾರ ಬಂದರು. ಮಾವ, "ಗೂಳಿ ತಗೊಂಡಿದ್ರ ಹಿಂಗ ಆಗ್ತಿರ್ಲಿಲ್ಲ" ಎಂದರು. ಮೈದುನ ಮುದುಕನ ಹೆಸರು ತೆಗೆದ. ಅಣ್ಣಾರ ರಸ್ತೆಯನ್ನು, ರಸ್ತೆ ಮಾಡಿದವರನ್ನು, ಮಳೆಯನ್ನು ಬೈದರು, ಸಸ್ಪೆನ್ಶನ್ನನ್ನು ಬೈಯಲಿಲ್ಲ. ಗಾಡಿ ತಂದ ಮುಹೂರ್ತ ಸರಿಯಿರಲಿಲ್ಲ, ಚಕ್ರದ ಕೆಳಗಿನ ನಿಂಬೆಹಣ್ಣು ಪೂರ್ತಿ ಒಡೆಯಲಿಲ್ಲ ಎಂಬಲ್ಲಿಗೂ ಮಾತು ಹೋಯಿತು. ಆಗ ನನ್ನ ಗಂಡ, ಯಾರ ಮಾತಿಗೂ ಹೌದು ಎನ್ನಲಾಗದೆ, ಸ್ವಂತದ್ದೊಂದು ಮಾತು ಹುಡುಕಿ ತೆಗೆದರು.

"ಮಣ್ಣಾಗ ಹತ್ತಿ ಕಡಿಮಿ ಬಿದ್ದಿತ್ತೇನೋ. ಅವ್ವನ ಕೈ ಬ್ಯಾರೆ ಇತ್ತು."

ಹತ್ತು ವರ್ಷಕ್ಕೊಮ್ಮೆ ಸ್ವಂತ ಮಾತು ಆಡುವ ಮನುಷ್ಯ, ಅದನ್ನು ಇಂಥಲ್ಲಿ ಆಡಬೇಕೇ? ಕುಣಿಯಲಾರದವರು ನೆಲ ಡೊಂಕು ಎನ್ನುವುದನ್ನು ಕೇಳಿದ್ದೆ. ಇಲ್ಲಿ ನೆಲವನ್ನೂ ಬಿಟ್ಟು, ಮಣ್ಣು ಬಿರಿಯದಿರಲೆಂದು ಹತ್ತಿ ಸೇರಿಸಿ ಕಲಸಿದವಳ ಮೇಲೆ ಬಂದಿತ್ತು. ನಾನು ಕೈಯಲ್ಲಿದ್ದ ಚಹಾದ ಕೆಟಲಿಯನ್ನು ಅಲ್ಲೇ ನೆಲಕ್ಕಿಟ್ಟೆ, ಯಾರಿಗೂ ಬಗ್ಗಿಸಲಿಲ್ಲ. ಸೀದಾ ಗಾಡಿಯ ಹತ್ತಿರ ಹೋಗಿ, ಕೆಸರಲ್ಲಿ ಮೊಣಕಾಲೂರಿ ಕೆಳಗೆ ನೋಡಿದೆ. ಹಿಂದಿನ ಚಕ್ರದ ಮೇಲೆ ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಇರುತ್ತವಲ್ಲ, ನಮ್ಮ ಕಡೆ ಪಾಟಾ ಎನ್ನುತ್ತಾರೆ, ಗಾಡಿ ಕುಣಿಯದ ಹಾಗೆ ಭಾರವನ್ನು ತಾಳಿಕೊಳ್ಳುವುದು ಅವೇ. ಅವುಗಳಲ್ಲಿ ಉಳಿದವೆಲ್ಲ ಕಂಪನಿಯ ಕಪ್ಪು ಬಣ್ಣದವು, ಎರಡು ಮಾತ್ರ ಬೇರೆ ಬಣ್ಣದವು, ದಪ್ಪನೆಯವು.

"ಇವೆರಡ ಯಾವಾಗ ಬಂದೂ?" ಎಂದು ಕೇಳಿದೆ.

ಮಾವನಿಗೆ ಹೆಮ್ಮೆ ತಡೆಯಲಿಲ್ಲ. "ಗಾಡಿ ತಂದ ದಿನಾನ ಹಾಕ್ಸೇವಿ ಮಗಳ. ಶೋರೂಮಿನಿಂದ ಸೀದಾ ಕೋಟೆ ಬಾಜೂ ಗ್ಯಾರೇಜಿಗಿ. ಹೊಸಾ ಗಾಡಿ ತಂದ ಮ್ಯಾಲ ಎರಡ ಪಾಟಾ ಏರಿಸಬೇಕು. ಇಲ್ಲಂದ್ರ ಹಂಚು ಹೇರಿದ ಕೂಡ್ಲೆ ಹಿಂದ ಕುಂದರತೈತಿ, ನೋಡಿದ ಮಂದಿ ನಗ್ತಾರ."

ನಮ್ಮ ಕಡೆ ಇದು ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವಷ್ಟೇ ಕಡ್ಡಾಯ. ಕಂಪನಿಯ ಇಂಜಿನಿಯರು ತಲೆ ಕೆಡಿಸಿಕೊಂಡು ಮೆತ್ತಗೆ ಮಾಡಿ ಕಳಿಸಿದ್ದನ್ನು ನಾವು ಮನೆಗೆ ತರುವ ಮೊದಲೇ ಗಟ್ಟಿ ಮಾಡಿಸಬೇಕು. ತಿಂಗಳುಗಟ್ಟಲೆ ಮೆತ್ತಗಿನ ಗಾಡಿ ಯಾವುದು ಎಂದು ತೂಗಿ ನೋಡಿ, ಮೂರರಲ್ಲಿ ಮೆತ್ತಗಿನದನ್ನೇ ಆರಿಸಿ, ಕೊಂಡ ಗಳಿಗೆಯಲ್ಲೇ ಅದನ್ನು ಗೂಳಿಗಿಂತ ಗಡುಸು ಮಾಡಿ ತಂದಿದ್ದರು. ಆ ಒಂದು ವಿಷಯದಲ್ಲಿ ನಾಲ್ವರಲ್ಲಿಯೂ ಭಿನ್ನಾಭಿಪ್ರಾಯ ಇರಲಿಲ್ಲವಂತೆ. ಏನು ಹೇರುತ್ತೀರಿ ಎಂದು ಗ್ಯಾರೇಜಿನ ಉಸ್ತಾದರು ಕೇಳಿದ್ದರಂತೆ. "ಹಂಚು" ಎಂದರಂತೆ ಮಾವ. ಮೈದುನ ಇದನ್ನು ಹೇಳುವಾಗ ನನ್ನ ಮುಖ ನೋಡದೆ ಟೈರು ನೋಡುತ್ತಿದ್ದ. ಗಣಪತಿ ಎಂಬ ಮಾತು ಅಲ್ಲಿ ಯಾರ ನೆನಪಿಗೂ ಬಂದಿರಲಿಲ್ಲ.

"ನಾಳೇನ ತಗಸ್ರಿ" ಎಂದೆ.

ತೆಗೆಸಲಾಗುವುದಿಲ್ಲ ಎಂಬುದಕ್ಕೆ ಕಾರಣಗಳ ಮಳೆ ಸುರಿಯಿತು. ಹಬ್ಬದ ಗಡಿಬಿಡಿಯಲ್ಲಿ ಗ್ಯಾರೇಜಿನ ಮುಂದೆ ಗಾಡಿಗಳ ಸಾಲಿದೆ. ಹಾಕಿಸಿದ್ದನ್ನು ತೆಗೆಸಿದರೆ ಅಪಶಕುನ. ಹಬ್ಬ ಮುಗಿದ ಮೇಲೆ ಹಂಚು ಹೇರಬೇಕು. ಕೊನೆಯ ಕಾರಣವನ್ನು ಅಣ್ಣಾರ ಹೇಳಿದರು, "ಮಂದಿ ಏನಂತಾರ ತಂಗಿ". ಒಡೆದ ಗಣಪತಿ ಒಯ್ದು ಕೊಟ್ಟರೆ ಮಂದಿ ಏನನ್ನುತ್ತಾರೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಕುಣಿಯ ಹತ್ತಿರ ಕೂತಿದ್ದ ಅತ್ತೆ ಆಗ ಮಾತಾಡಿದರು. "ಚಕ್ಕಡಿ ಖಾಲಿ ಬರುಮುಂದ ಕುಣೀತಿತ್ತು. ಹೇರಿಕೊಂಡ ಬರುಮುಂದ ತೆಪ್ಪಗ ಬರ್ತಿತ್ತು. ಇದಕ್ಕೂ ಭಾರ ಹಾಕ್ರಿ, ತೆಪ್ಪಗ ಆಗತೈತಿ."

ಮಾತು ಸರಿಯಾಗಿತ್ತು. ಅಷ್ಟು ಗಟ್ಟಿ ಪಾಟಾದ ಮೇಲೆ ಹಗುರಾದ ಗಣಪತಿಗಳು ಕೂತರೆ ಗಾಡಿ ಕುಣಿಯದೆ ಇನ್ನೇನು ಮಾಡೀತು? ಹಸಿಮಣ್ಣು ತುಂಬಿದ ಗೋಣಿಚೀಲ ಹಾಕೋಣ ಎಂದು ಮೈದುನ ಎದ್ದ. ನಾನು ಮಾವನನ್ನು ನೋಡಿದೆ, ಅಣ್ಣಾರನ್ನು ನೋಡಿದೆ, ಗಂಡನನ್ನು ನೋಡಿದೆ. ಇಷ್ಟು ದಿನ ಅಂಗಳದ ಕುರ್ಚಿಗಳನ್ನು ಕುಗ್ಗಿಸಿದ್ದ ಭಾರ ಕಣ್ಣೆದುರಿಗೇ ಇತ್ತು.

"ಗೋಣಿ ಹಾಕ್ರಿ. ಗೋಣಿ ಮ್ಯಾಲ ನೀವು ಮೂವರೂ ಕುಂದರ್ರಿ. ದೊಡ್ಡ ಗಣಪ್ಪಗೋಳ ನಿಮ್ಮ ತೊಡಿ ಮ್ಯಾಲ ಇರ್ಲಿ" ಎಂದೆ.

"ಹಿಂದೇನು?" ಎಂದರು ಮಾವ.

"ಹಿಂದ."

"ಏಸಿ?" ಎಂದರು ಅಣ್ಣಾರ. ಅವರು ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ಯಾವಾಗ ಹೊರಡೂದು?" ಎಂದು ಕೇಳಿದರು. ಅದರೊಂದಿಗೆ ಸಭೆ ಮುಗಿಯಿತು.

ಉಳಿದ ಗಣಪತಿಗಳನ್ನು ಒಯ್ಯುವ ದಿನ ಮಳೆ ಹನಿಯುತ್ತಿತ್ತು. ಮಣ್ಣಿನ ಗೋಣಿಗಳ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮೂವರು ಗಂಡಸರು, ಅವರ ತೊಡೆಯ ಮೇಲೆ ಮುಖ ಮುಚ್ಚಿದ ಮೂವರು ಗಣಪತಿಗಳು, ಸುತ್ತ ಸಣ್ಣವು, ಎಲ್ಲದರ ಮೇಲೆ ತಾಡಪತ್ರಿ. ನೋಡಿದವರಿಗೆ ಮೂವರು ದೊಡ್ಡ ಮನುಷ್ಯರನ್ನು ಯಾವುದೋ ಊರಿಗೆ ಸಾಗಿಸುತ್ತಿರುವ ಹಾಗೆ ಕಾಣಬೇಕು. ಅವರು ಇಳಿಯುವ ಹಾಗಿರಲಿಲ್ಲ, ಮೈ ಕೆರೆದುಕೊಳ್ಳುವ ಹಾಗಿರಲಿಲ್ಲ, ಎರಡೂ ಕೈಯಲ್ಲಿ ದೇವರಿದ್ದ.

ನಾನು ಮುಂದಿನ ಸೀಟಿನಲ್ಲಿ ಕೂತೆ. ನನ್ನ ತೊಡೆಯ ಮೇಲೂ ಒಂದು ಗಣಪತಿ ಇತ್ತು. ಮಾಡದಲ್ಲಿ ಹೆಚ್ಚಿಗೆ ಉಳಿದಿದ್ದ ಮೂರ್ತಿಗಳಲ್ಲಿ ಒಳ್ಳೆಯದನ್ನು ಆರಿಸಿ, ಬಣ್ಣ ಹಚ್ಚಿ, ಹಿಂದವಾಡಿಯ ಅಜ್ಜಿಗೆಂದು ಕಣ್ಣು ಬರೆದಿದ್ದೆ. ಅದರ ಕೆಳಗೆ ಅವರ ಮಣೆ ಇರಲಿಲ್ಲ, ಬರೀ ಒಂದು ಹಲಗೆಯ ತುಂಡಿತ್ತು. ಅವರು ಕರೆದಿರಲಿಲ್ಲ, ಕೇಳಿರಲಿಲ್ಲ. ತೆಗೆದುಕೊಳ್ಳುತ್ತಾರೋ ಇಲ್ಲವೋ ತಿಳಿಯದೆ ಹೊರಟಿದ್ದೆ. ಮೈದುನ ಏಸಿ ಹಚ್ಚಿದ. ಸೀಟು ನಿಜಕ್ಕೂ ಮೆತ್ತಗಿತ್ತು, ಅಣ್ಣಾರ ಹೇಳಿದ್ದರಲ್ಲಿ ಅಷ್ಟು ಮಾತ್ರ ಖರೆ.

ಪೀರನವಾಡಿ ದಾಟುವ ತನಕ ಹಿಂದಿನಿಂದ ಮಾವನ ಧ್ವನಿ ಕೇಳುತ್ತಿತ್ತು. "ಸಾವಕಾಶ" ಎನ್ನುತ್ತಿದ್ದರು, ಪ್ರತಿ ಹಂಪಿಗೂ. ಗೂಳಿಯ ಪಕ್ಷದವರ ಬಾಯಲ್ಲಿ ಆ ಮಾತು ಕೇಳಿ ಮೈದುನನಿಗೆ ನಗು ತಡೆಯಲಾಗಲಿಲ್ಲ. "ವೈನೀ, ಮಾವಾರಿಗಿ ಕಂಫರ್ಟ್ ತಿಳಿಯಾಕತ್ತೈತಿ" ಎಂದ. ಗಾಡಿ ಕುಣಿಯಲಿಲ್ಲ. ಅಷ್ಟು ಭಾರಕ್ಕೆ ಅದು ಅತ್ತೆ ಹೇಳಿದ ಹಾಗೆ ತೆಪ್ಪಗೆ ಹೋಗುತ್ತಿತ್ತು.

ಒಂದೊಂದು ಮನೆಯ ಮುಂದೆ ನಿಲ್ಲಿಸಿ, ಮಣೆ ಸಮೇತ ಗಣಪತಿಗಳನ್ನು ಇಳಿಸಿದೆವು. ಎಲ್ಲವೂ ಪೂರ್ತಿಯಾಗಿದ್ದವು. ಗಣಪತಿ ಇಳಿದ ಹಾಗೆ ಹೊತ್ತವರು ಇಳಿಯಲಿಲ್ಲ. ಅಣ್ಣಾರರ ಕಾಲು ಮರಗಟ್ಟಿ, ತಮ್ಮದೇ ಬಡಾವಣೆಯಲ್ಲಿ, ತಮ್ಮ ಆಫೀಸಿನವರೊಬ್ಬರು ನೋಡುತ್ತಿರುವಾಗಲೇ, ಮಾವನ ಹೆಗಲು ಹಿಡಿದು ನಿಲ್ಲಬೇಕಾಯಿತು. ಮಾವ ಸೊಂಟ ಹಿಡಿದುಕೊಂಡು ಕಂಪೌಂಡಿಗೆ ಒರಗಿದ್ದರು. ನನ್ನ ಗಂಡನ ಮುಖದ ತುಂಬ ಕೆಸರು, ತೊಡೆಯ ಮೇಲೆ ಗಣಪತಿಯ ಕೆಂಪು ಬಣ್ಣ.

ಕೊನೆಗೆ ಅಜ್ಜಿಯ ಮನೆ. ಬಾಗಿಲಿಗೆ ಬಂದದ್ದು ಸೊಸೆ. "ನಾವು ಅಂಗಡ್ಯಾಗಿಂದ ತಂದೇವ್ರಿ" ಎಂದಳು. ಒಳಗೆ ನೋಡಿದೆ. ಪ್ಲಾಸ್ಟರಿನ ಗಣಪತಿ, ಥಳಥಳ ಹೊಳೆಯುವುದು, ಟೀವಿಯ ಪಕ್ಕದ ಸ್ಟೂಲಿನ ಮೇಲಿತ್ತು. ನನ್ನ ಕೈಯಲ್ಲಿದ್ದದ್ದು ಅದರ ಮುಂದೆ ತೀರ ಸಾದಾ ಕಂಡಿತು. ತಿರುಗಿ ಹೊರಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನನ್ನನ್ನು ನೋಡಲಿಲ್ಲ. ಗೇಟಿನಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ ಮೂವರನ್ನು ನೋಡಿದರು.

"ಇವ್ರ್ಯಾಕ ಹಿಂಗ ಆಗ್ಯಾರ?"

"ಗಣಪ್ಪನ್ನ ತೊಡಿ ಮ್ಯಾಲ ಇಟಗೊಂಡ ಬಂದಾರ್ರಿ" ಎಂದೆ.

"ನಾನೂ ತೊಡಿ ಮ್ಯಾಲ ಇಟಗೊಂಡ ಬರ್ತಿದ್ದೆ, ರೈಲಾಗ" ಎಂದರು ಅಜ್ಜಿ. ಆಮೇಲೆ ಮೂರ್ತಿಯ ಮುಖದ ವಸ್ತ್ರ ಸರಿಸಿದರು. ಬೆರಳನ್ನು ಸೊಂಡಿಲ ಬುಡದಿಂದ ತುದಿಯ ತನಕ ಎಳೆದರು. ಕಿವಿಯ ಹಿಂದೆ ಮುಟ್ಟಿದರು. ಅತ್ತೆಯ ಕೈ ಬೇರೆ ಎಂಬ ಮಾತು ಈಗ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವರು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಲಸಿನ ಮಣೆ ಇತ್ತು.

"ಅಂಗಡೀದನ್ನ ಇದರ ಮ್ಯಾಲ ಕುಂಡ್ರಸಾಕ ಮನಸ್ ಬರ್ಲಿಲ್ಲ ನನಗ. ಹಿಡಿ. ಕುಂಡ್ರಸು."

ಮೂರ್ತಿಯನ್ನು ಹಲಗೆಯಿಂದ ಎತ್ತಿ ಮಣೆಯ ಮೇಲೆ ಇಟ್ಟೆ. ಕೂತಿತು. ಅಜ್ಜಿಯ ಸೊಸೆ ನನ್ನ ಗಂಡನ ಕಡೆ ತಿರುಗಿ, "ಇಷ್ಟ ಮೆತ್ತಗ ತಂದೀರಲ್ರಿ, ಯಾವ ಗಾಡಿ?" ಎಂದು ಕೇಳಿದಳು. ನಿಲ್ಲಲಾರದೆ ನಿಂತಿದ್ದ ಅಣ್ಣಾರರ ಮುಖ ಅರಳಿತು. "ಸಸ್ಪೆನ್ಶನ್" ಎಂದು ಅವರು ಶುರು ಮಾಡಿದರು. ಸೊಂಟದ ನೋವಿನಲ್ಲೂ ಮಾವ ತಲೆದೂಗಿದರು, ನನ್ನ ಗಂಡ ಹೌದು ಎಂದರು.

ಊರಿಗೆ ಹಿಂತಿರುಗುವಾಗ ಗೋಣಿಗಳನ್ನು ಬಿಟ್ಟರೆ ಗಾಡಿ ಖಾಲಿಯಾಗಿತ್ತು, ಹಿಂದೆ ಬೇಕಾದಷ್ಟು ಜಾಗವಿತ್ತು. ಅಣ್ಣಾರ ತಮ್ಮ ಮನೆಗೆ ನಡೆದರು. ಮಾವನೂ ನನ್ನ ಗಂಡನೂ ಆ ಮಳೆಯಲ್ಲಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಕುಣಿಯುವ ಗಾಡಿಗಿಂತ, ನಿಂತುಕೊಂಡೇ ಹೋದರೂ ಬಸ್ಸೇ ವಾಸಿ ಎಂದರು.

ಪಾಟಾ ಎರಡನ್ನೂ ಇನ್ನೂ ತೆಗೆಸಿಲ್ಲ. ತೆಗೆಸಿದರೆ ಹಿಂದೆ ಕುಸಿಯುತ್ತದೆ, ಮಂದಿ ನಗುತ್ತಾರೆ. ಅದಕ್ಕೇ ಈಗ ಪ್ರತಿ ಚೌತಿಗೂ ಮೂವರು ಗಂಡಸರು ಗೋಣಿಯ ಮೇಲೆ ಕೂತು ಬೆಳಗಾವಿಗೆ ಹೋಗುತ್ತಾರೆ. ಕಂಪನಿಗಳನ್ನು ಹೋಲಿಸುವುದು ನಿಂತಿದೆ, ಯಾವ ಗೋಣಿ ಮೆತ್ತಗಿದೆ ಎಂದು ಹೋಲಿಸುತ್ತಾರೆ. ವಿಸರ್ಜನೆ ಆದ ಮೇಲೆ ಬರಿದಾದ ಮಣೆಗಳನ್ನು ತರಲು ನಾನೂ ಮೈದುನನೂ ಮಾತ್ರ ಹೋಗುತ್ತೇವೆ. ಉಳಿದ ಮಣೆಗಳು ಹಿಂದೆ ಹುಲ್ಲಿನ ಮೇಲೆ ಕುಣಿಯುತ್ತ ಬರುತ್ತವೆ. ಅಜ್ಜಿಯ ಮಣೆ ಮಾತ್ರ ಮುಂದಿನ ಸೀಟಿನಲ್ಲಿ, ಏಸಿಯಲ್ಲಿ, ನನ್ನ ತೊಡೆಯ ಮೇಲೆ ಬರುತ್ತದೆ.